ಕ್ಲೇರ್ ಎಂಬ ಊರಿನ ಹೆಸರು

ಕಳೆದ ಎರಡು ಸಂಚಿಕೆಗಳಲ್ಲಿ ಈ ಅಂಕಣ ಕಾಣಲಿಲ್ಲವೆಂದು ನಿಮ್ಮಲ್ಲಿ ಕೆಲವರು ಸಂಘಕ್ಕೆ ಫೋನ್ ಮಾಡಿ ವಿಚಾರಿಸಿದಿರಂತೆ. ಕೇಳಿ ಮನಸ್ಸಿಗೆ ಹಿತವೆನಿಸಿತು. ಕಾಯಿಲೆ ಕಸಾಲೆ ಏನೂ ಇಲ್ಲ ಮಹನೀಯರೇ, ಮಗಳ ಮನೆಗೆ ಹೋಗಿದ್ದೆ, ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡಿಗೆ. ಎರಡು ತಿಂಗಳು ಮೊಮ್ಮಗಳನ್ನು ಆಡಿಸಿ, ಮಗಳಿಗೆ ಮೆಂತ್ಯದಿಟ್ಟು, ಸಾರಿನ ಪುಡಿ ಮಾಡಿಕೊಟ್ಟು, ಮೊನ್ನೆಯಷ್ಟೇ ಡೊಂಬಿವಲಿಯ ನಮ್ಮ ಗೂಡಿಗೆ ಮರಳಿದ್ದೇನೆ.

ಪ್ರವಾಸ ಕಥನ ಬರೆದು ನಿಮ್ಮನ್ನು ಬೇಸರಗೊಳಿಸುವ ಉದ್ದೇಶ ನನಗಿಲ್ಲ. ಸಿಡ್ನಿಯ ಸೇತುವೆ, ಕಾಂಗರೂ, ಎಲ್ಲವೂ ಈಗ ಮನೆಮನೆಯ ಫೋನಿನಲ್ಲೇ ಸಿಗುತ್ತವೆ. ಆದರೆ ಅಲ್ಲಿ ನೋಡಿದ ಒಂದು ಚಿಕ್ಕ ಊರಿನ ವಿಷಯ ನಿಮಗೆ ಹೇಳಲೇಬೇಕು. ಹುಟ್ಟಿದ ಊರು ಬಿಟ್ಟು ಬೇರೆಡೆ ನೆಲೆಸಿದ ನಮ್ಮಂಥವರಿಗೆ ಆ ಊರಿನ ಕಥೆ ಎಲ್ಲೋ ಒಂದು ಕಡೆ ತಾಗುತ್ತದೆ.

ಊರಿನ ಹೆಸರು ಕ್ಲೇರ್. ಅಡಿಲೇಡಿನಿಂದ ಉತ್ತರಕ್ಕೆ ಸುಮಾರು 135 ಕಿಲೋಮೀಟರು. ಒಂದು ಶನಿವಾರ ಅಳಿಯ, "ಅತ್ತೆ, ನಿಮ್ಮನ್ನು ದ್ರಾಕ್ಷಿತೋಟ ನೋಡಲು ಕರೆದುಕೊಂಡು ಹೋಗುತ್ತೇನೆ" ಎಂದ. ದ್ರಾಕ್ಷಿತೋಟ ಎಂದರೆ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ವಿಜಾಪುರದ ಕಡೆಯ ಚಪ್ಪರ, ಒಣದ್ರಾಕ್ಷಿ. ಅಲ್ಲಿಗೆ ಹೋದ ಮೇಲೆ ತಿಳಿಯಿತು, ಅದು ವೈನಿನ ಸೀಮೆ! ಕಣಿವೆಯ ಉದ್ದಕ್ಕೂ ಹತ್ತಾರು ವೈನ್ ತಯಾರಕರು, ಪ್ರತಿಯೊಬ್ಬರ ಬಾಗಿಲಲ್ಲೂ ಬಂದವರಿಗೆ ರುಚಿ ತೋರಿಸುವ ಕೌಂಟರು. ಏಕಾದಶಿ, ಶನಿವಾರ ಎಂದು ಉಪವಾಸ ಮಾಡುವ ಹೆಂಗಸನ್ನು ಅಳಿಯ ಶನಿವಾರವೇ ಅಲ್ಲಿಗೆ ಕರೆದೊಯ್ದದ್ದು ನೋಡಿ ನನ್ನ ಮಗಳಿಗೆ ನಗು. "ವಾಸನೆ ನೋಡಿದರೆ ಸಾಕು ಅತ್ತೆ, ಪಾಪ ಬರುವುದಿಲ್ಲ" ಎಂದು ಅವನ ಸಮಾಧಾನ ಬೇರೆ.

ಏಪ್ರಿಲ್ ತಿಂಗಳು. ನಮಗೆ ಸುಡುಬಿಸಿಲು, ಅವರಿಗೆ ಎಲೆ ಉದುರುವ ಕಾಲ. ಕೊಯ್ಲು ಮುಗಿದು ಬಳ್ಳಿಗಳೆಲ್ಲ ಹಳದಿ, ಕೆಂಪು ಬಣ್ಣಕ್ಕೆ ತಿರುಗಿದ್ದವು. ಮಳೆ ಕಾಣದ ಒಣ ಹುಲ್ಲಿನ ಬೋಳು ಗುಡ್ಡಗಳನ್ನು ದಾಟಿ ಬಂದರೆ ಈ ಕಣಿವೆ ತಟ್ಟನೆ ತಂಪಾಗಿ ಎದುರಾಗುತ್ತದೆ. ಕಾರು ಊರೊಳಗೆ ಹೋಗುತ್ತಿದ್ದಂತೆ ನಾನು ಬೋರ್ಡುಗಳನ್ನು ಓದುತ್ತ ಕುಳಿತೆ. ಅದು ನನ್ನ ಹಳೆಯ ಚಾಳಿ. ರೈಲಿನಲ್ಲಿ ಕೂತರೂ ಅಷ್ಟೆ. ಕ್ಲೇರ್. ಆರ್ಮಾ. ಇಂಚಿಕ್ವಿನ್. ಇವೆಲ್ಲ ಐರ್ಲೆಂಡಿನ ಹೆಸರುಗಳಲ್ಲವೇ? ಇಂಗ್ಲಿಷ್ ಸಾಹಿತ್ಯ ಓದಿದ ಬಿ.ಎ. ಡಿಗ್ರಿ ಮೂವತ್ತು ವರ್ಷ ಟ್ರಂಕಿನ ತಳದಲ್ಲಿ ಮಲಗಿತ್ತು, ಅಂದು ಎದ್ದು ಕುಳಿತಿತು.

ಊರಿಗೆ ಆ ಹೆಸರಿಟ್ಟವನ ಹೆಸರು ಎಡ್ವರ್ಡ್ ಬರ್ಟನ್ ಗ್ಲೀಸನ್. ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಕೌಂಟಿ ಕ್ಲೇರ್ ಎಂಬ ಸೀಮೆಯಿದೆ; ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದಿಟ್ಟುಕೊಳ್ಳಿ. ಅವನ ಮೂಲ ಅಲ್ಲಿ. ಆದರೆ ಅವನು ಆಸ್ಟ್ರೇಲಿಯಾಕ್ಕೆ ಬಂದದ್ದು ಐರ್ಲೆಂಡಿನಿಂದಲ್ಲ, ನಮ್ಮ ಕಲ್ಕತ್ತೆಯಿಂದ! ಆ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೆರಳಿನಲ್ಲಿ ಬದುಕು ಹುಡುಕಿಕೊಂಡು ಬಂದ ಐರಿಷ್ ಜನ ಬಹಳ. ಇವನೂ ಅವರಲ್ಲೊಬ್ಬ. ದಕ್ಷಿಣ ಆಸ್ಟ್ರೇಲಿಯಾ ವಸಾಹತು ಆರಂಭವಾದದ್ದು 1836ರಲ್ಲಿ. ಕೈದಿಗಳನ್ನು ತಂದು ಇಳಿಸಿದ ಸಿಡ್ನಿಯಂತಲ್ಲದೆ, ಜಮೀನು ಮಾರಿದ ಹಣದಲ್ಲಿ ಸ್ವತಂತ್ರ ಜನರನ್ನೇ ಕರೆತಂದು ನೆಲೆಗೊಳಿಸಬೇಕೆಂಬ ಯೋಜನೆ ಅವರದು. 1838ರಲ್ಲಿ ಗ್ಲೀಸನ್ ಹೆಂಡತಿ ಮಕ್ಕಳೊಡನೆ 'ಎಮರಾಲ್ಡ್ ಐಲ್' ಎಂಬ ಹಡಗಿನಲ್ಲಿ ಅಡಿಲೇಡಿಗೆ ಬಂದಿಳಿದ. ಹಡಗಿನ ಹೆಸರನ್ನು ಗಮನಿಸಿದಿರಾ? ಪಚ್ಚೆಯ ದ್ವೀಪ, ಅಂದರೆ ಐರ್ಲೆಂಡ್. ಜೊತೆಯಲ್ಲಿ ಭಾರತದಿಂದ ಕೆಲಸದವರನ್ನೂ ಕರೆತಂದಿದ್ದ. ಅವರ ಹೆಸರಿನಲ್ಲಿ ಯಾವ ಊರೂ ಹುಟ್ಟಲಿಲ್ಲ. ಯಾರೋ ನಮ್ಮವರು, ಕಪ್ಪು ನೀರು ದಾಟಿ, ಯಾವ ಅನ್ನಕ್ಕೆ ಯಾವ ಬೇಳೆ ಹಾಕಿಕೊಂಡು ಉಂಡರೋ!

ಅಡಿಲೇಡಿನ ಅಂಚಿನಲ್ಲಿ ಗ್ಲೀಸನ್ ಮೊದಲು ಮಾಡಿದ ಜಮೀನಿಗೆ 'ಗ್ಲೀವಿಲ್' ಎಂದು ತನ್ನ ಹೆಸರನ್ನೇ ಇಟ್ಟ. ಸುಖದ ದಿನಗಳಲ್ಲಿ ಮನುಷ್ಯ ತನ್ನ ಹೆಸರಿಡುತ್ತಾನೆ. 1841ರ ಸುಮಾರಿಗೆ ವಸಾಹತಿನ ಖಜಾನೆ ಬರಿದಾಯಿತು. ಹೊಸ ಗವರ್ನರ್ ಜಾರ್ಜ್ ಗ್ರೇ ಬಂದು ಖರ್ಚಿಗೆಲ್ಲ ಕತ್ತರಿ ಹಾಕಿದ. ಸಾಲ ಮಾಡಿ ಜಮೀನು ಕೊಂಡವರು ಒಬ್ಬೊಬ್ಬರಾಗಿ ಕೈ ಸುಟ್ಟುಕೊಂಡರು. ಗ್ಲೀಸನ್ನನೂ ದಿವಾಳಿಯಾದ. ಉಳಿದದ್ದು ಉತ್ತರದ ಈ ಕಣಿವೆ. ಇಲ್ಲಿ ಹಳ್ಳದ ದಂಡೆಯಲ್ಲಿ ಮನೆ ಕಟ್ಟಿ 'ಇಂಚಿಕ್ವಿನ್' ಎಂದು ಹೆಸರಿಟ್ಟ. ಅದು ಕೌಂಟಿ ಕ್ಲೇರಿನ ಒಂದು ಸರೋವರದ ಹೆಸರು. ಪಕ್ಕದಲ್ಲಿ ನಿವೇಶನಗಳನ್ನು ಗುರುತು ಮಾಡಿ ಊರಿಗೆ ಮೊದಲು 'ಕ್ಲೇರ್‌ವಿಲ್' ಎಂದ. ಬಾಲ ಕಳಚಿ ಅದು 'ಕ್ಲೇರ್' ಆಗಿ ನಿಂತಿತು. ಜನ ಅವನನ್ನು ಪ್ರೀತಿಯಿಂದ 'ಪ್ಯಾಡಿ ಗ್ಲೀಸನ್' ಎಂದು ಕರೆಯುತ್ತಿದ್ದರಂತೆ. 1868ರಲ್ಲಿ ಊರಿಗೆ ಪುರಸಭೆ ಬಂದಾಗ ಇವನೇ ಮೊದಲ ಮೇಯರ್. 1870ರಲ್ಲಿ ತೀರಿಕೊಂಡ. ತಿರುಗಿ ಐರ್ಲೆಂಡಿಗೆ ಹೋಗಿ ನೆಲೆಸಲಿಲ್ಲ.

ಇಷ್ಟೇ ಆಗಿದ್ದರೆ ಇದು ಒಬ್ಬ ಜಮೀನ್ದಾರನ ಕಥೆ, ಬರೆಯುವ ಅಗತ್ಯವಿರಲಿಲ್ಲ. ಹೆಸರಿಟ್ಟವನು ಒಬ್ಬ, ಆ ಹೆಸರಿನ ಊರಿನಲ್ಲಿ ಒಲೆ ಹೊತ್ತಿಸಿದವರು, ಬಟ್ಟೆ ಒಗೆದವರು ಬೇರೆಯವರು. ಅವರು ಏಕೆ ಬಂದರು ಎಂಬುದು ತಿಳಿಯಬೇಕಾದರೆ ಸಮುದ್ರ ದಾಟಿ ಹಳೆಯ ಕ್ಲೇರಿಗೆ ಹೋಗಬೇಕು.

ಐರ್ಲೆಂಡಿನ ಬಡವರು ಬದುಕಿದ್ದು ಆಲೂಗಡ್ಡೆಯ ಮೇಲೆ. ನಮ್ಮ ಕಡೆ ಬಡವರಿಗೆ ರಾಗಿ, ಜೋಳ ಇದ್ದಂತೆ ಅವರಿಗೆ ಅದೊಂದೇ. ಬೆಳೆದ ಗೋಧಿ, ಓಟ್ಸ್ ಎಲ್ಲ ಜಮೀನ್ದಾರನ ಗೇಣಿಗೆ. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಂತು. ಒಂದು ವರ್ಷವಲ್ಲ, ಮೇಲಿಂದ ಮೇಲೆ ಬಂತು. ಹೊಲದಲ್ಲಿದ್ದದ್ದು ಹೊಲದಲ್ಲೇ ಕಪ್ಪಾಗಿ ನಾರಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಕೌಂಟಿ ಕ್ಲೇರ್ ಒಂದರಲ್ಲೇ 1841ರಲ್ಲಿ 2 ಲಕ್ಷ 86 ಸಾವಿರ ಇದ್ದ ಜನಸಂಖ್ಯೆ 1851ರಲ್ಲಿ 2 ಲಕ್ಷ 12 ಸಾವಿರಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ನಾಲ್ವರಲ್ಲೊಬ್ಬರು ಇಲ್ಲ!

ಆ ಸೀಮೆಯಲ್ಲಿ ಕಿಲ್ರಷ್ ಎಂಬ ಊರಿದೆ. ಅಲ್ಲಿನ ಜಮೀನ್ದಾರರು ಗೇಣಿ ಕೊಡಲಾಗದ ರೈತರನ್ನು ಎಬ್ಬಿಸಿ, ಅವರು ಮತ್ತೆ ಬಂದು ಸೇರಿಕೊಳ್ಳದಂತೆ ಗುಡಿಸಲಿನ ಮಾಡನ್ನೇ ಕಿತ್ತುಹಾಕಿಸಿದರು. ನಾಲ್ಕು ವರ್ಷಗಳಲ್ಲಿ ಹೀಗೆ ಬೀದಿಗೆ ಬಿದ್ದವರು ಸುಮಾರು 20,000. ಬಡವರ ಪರಿಹಾರದ ಮೇಲ್ವಿಚಾರಣೆಗೆ ಬಂದಿದ್ದ ಕ್ಯಾಪ್ಟನ್ ಆರ್ಥರ್ ಕೆನೆಡಿ ಎಂಬ ಅಧಿಕಾರಿ ಇದನ್ನೆಲ್ಲ ಊರು, ಮನೆಗಳ ಲೆಕ್ಕ ಸಮೇತ ಮೇಲಕ್ಕೆ ಬರೆದ. ಅವನ ಪುಟ್ಟ ಮಗಳು ಕಿಲ್ರಷ್ಷಿನಲ್ಲಿ ಬಡವರಿಗೆ ಬಟ್ಟೆ ಹಂಚುತ್ತಿರುವ ಚಿತ್ರ 1849ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅಳಿಯನ ಲ್ಯಾಪ್‌ಟಾಪಿನಲ್ಲಿ ಆ ಚಿತ್ರ ನೋಡಿದೆ. ಚಿಂದಿ ಉಟ್ಟ ಹೆಂಗಸರ ಗುಂಪಿನ ನಡುವೆ ಟೋಪಿ ತೊಟ್ಟ ಚಿಕ್ಕ ಹುಡುಗಿ. ಇದೇ ಕೆನೆಡಿ ಮುಂದೆ ಪಶ್ಚಿಮ ಆಸ್ಟ್ರೇಲಿಯಾಕ್ಕೂ, ಆಮೇಲೆ ಕ್ವೀನ್ಸ್‌ಲೆಂಡಿಗೂ ಗವರ್ನರ್ ಆಗಿ ಬಂದ. ಜಗತ್ತು ಎಷ್ಟು ಚಿಕ್ಕದು ನೋಡಿ.

ಡಿಕನ್ಸನ 'ಆಲಿವರ್ ಟ್ವಿಸ್ಟ್' ಓದಿದವರಿಗೆ ವರ್ಕ್‌ಹೌಸ್ ಎಂದರೇನೆಂದು ಗೊತ್ತು. ಗತಿಯಿಲ್ಲದವರನ್ನು ಸೇರಿಸಿಕೊಂಡು, ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಒಂದು ಕಡೆ, ಮಕ್ಕಳನ್ನು ಇನ್ನೊಂದು ಕಡೆ ಇಟ್ಟು, ದುಡಿಸಿ, ಗಂಜಿ ಹಾಕುವ ಮನೆ. ಬರಗಾಲದಲ್ಲಿ ಐರ್ಲೆಂಡಿನ ಈ ಮನೆಗಳೆಲ್ಲ ಅನಾಥ ಹೆಣ್ಣುಮಕ್ಕಳಿಂದ ತುಂಬಿದವು. ಅತ್ತ ಆಸ್ಟ್ರೇಲಿಯಾದಲ್ಲಿ ಮನೆಗೆಲಸಕ್ಕೆ ಜನವಿಲ್ಲ, ಗಂಡಸರಿಗೆ ಮದುವೆಯಾಗಲು ಹೆಣ್ಣಿಲ್ಲ. ಲಂಡನ್ನಿನಲ್ಲಿ ಕುಳಿತ ಮಂತ್ರಿ ಅರ್ಲ್ ಗ್ರೇ ಎರಡನ್ನೂ ಕೂಡಿಸಿ ಲೆಕ್ಕ ಮಾಡಿದ. 1848ರಿಂದ 1850ರ ಒಳಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ಹುಡುಗಿಯರನ್ನು ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸಿದರು. ಹೆಚ್ಚಿನವರು ಹದಿನಾಲ್ಕರಿಂದ ಹದಿನೆಂಟರ ಪ್ರಾಯದವರು. ಅಡಿಲೇಡಿಗೆ 'ರೋಮನ್ ಎಂಪರರ್', 'ಇನ್‌ಕಾನ್‌ಸ್ಟಂಟ್', 'ಎಲ್ಗಿನ್' ಎಂಬ ಮೂರು ಹಡಗುಗಳಲ್ಲಿ ಸುಮಾರು ಆರುನೂರು ಜನ ಬಂದರು.

ಪ್ರತಿ ಹುಡುಗಿಗೂ ಬೀಗವಿದ್ದ ಒಂದು ಮರದ ಪೆಟ್ಟಿಗೆ ಕೊಟ್ಟಿದ್ದರು. ಅದರೊಳಗೆ ಏನೇನಿರಬೇಕೆಂಬುದಕ್ಕೂ ಸರ್ಕಾರಿ ಪಟ್ಟಿ: ಆರು ಒಳ ಅಂಗಿ, ಎರಡು ಫ್ಲಾನಲ್ ಲಂಗ, ಆರು ಜೊತೆ ಕಾಲುಚೀಲ, ಎರಡು ಜೊತೆ ಬೂಟು, ಎರಡು ಗೌನು, ಅದರಲ್ಲಿ ಒಂದು ಬೆಚ್ಚಗಿನ ಬಟ್ಟೆಯದಿರಬೇಕು. ಈ ಪಟ್ಟಿಯನ್ನು ಓದಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಹೆತ್ತವರು ಸತ್ತ ಹುಡುಗಿಗೆ ಅವಳ ಜೀವನದಲ್ಲೇ ಮೊದಲ ಬಾರಿಗೆ ಹೊಸ ಬಟ್ಟೆ ಸಿಕ್ಕಿದ್ದು ಊರು ಬಿಟ್ಟು ಹೋಗುವ ಹೊತ್ತಿನಲ್ಲಿ! ಗಂಡನ ಮನೆಗೆ ಹೊರಟ ಮಗಳ ಟ್ರಂಕು ತುಂಬುವಾಗ ನಾವು ತಾಯಂದಿರು ಏನೇನು ಇಡುತ್ತೇವೆ, ನೆನಪು ಮಾಡಿಕೊಳ್ಳಿ. ಆ ಪೆಟ್ಟಿಗೆ ತುಂಬಿದ್ದು ಕಮಿಟಿ.

ಬಂದಿಳಿದವರಿಗೆ ಹಾರ ಹಾಕಿ ಸ್ವಾಗತ ಮಾಡಲಿಲ್ಲ. ಈ ಹುಡುಗಿಯರಿಗೆ ಕೆಲಸ ಬಾರದು, ಒಲೆ ಹಚ್ಚಲು ಗೊತ್ತಿಲ್ಲ, ನಡತೆ ಸರಿಯಿಲ್ಲ ಎಂದು ಅಡಿಲೇಡಿನ ಪತ್ರಿಕೆಗಳು ಬರೆದವು. ಒಲೆಯೇ ಆರಿಹೋಗಿದ್ದ ಮನೆಗಳಿಂದ ಬಂದ ಹುಡುಗಿಯರಿಗೆ ಒಲೆ ಹಚ್ಚಲು ಯಾರು ಕಲಿಸಿದ್ದರು?

ಗ್ಲೀಸನ್ನನ ಕ್ಲೇರಿಗೆ ಈ ಕಥೆ ನೇರವಾಗಿ ಬಂದು ಮುಟ್ಟುವುದು 1855ರಲ್ಲಿ. ಆ ಹೊತ್ತಿಗೆ ಬರಗಾಲ ಮುಗಿದಿತ್ತು, ಅನಾಥ ಹುಡುಗಿಯರ ಯೋಜನೆಯೂ ನಿಂತಿತ್ತು. ಆದರೆ ಐರ್ಲೆಂಡಿನಿಂದ ಅವಿವಾಹಿತ ಹೆಣ್ಣುಮಕ್ಕಳ ಹಡಗುಗಳು ಬರುತ್ತಲೇ ಇದ್ದವು. ಆ ಒಂದು ವರ್ಷ ಸಾವಿರಗಟ್ಟಲೆ ಬಂದರು, ಅಡಿಲೇಡಿನಲ್ಲಿ ಅಷ್ಟು ಜನಕ್ಕೆ ಕೆಲಸವಿರಲಿಲ್ಲ. ಆಗ ಸರ್ಕಾರ ಹಳ್ಳಿಗಾಡಿನ ಊರುಗಳಲ್ಲಿ ಡಿಪೋಗಳನ್ನು ತೆರೆಯಿತು. ಹೌದು, ಡಿಪೋ ಎಂದೇ ಹೆಸರು, ಸೀಮೆಎಣ್ಣೆಗೆ ಇದ್ದ ಹಾಗೆ. ಅಂಥದೊಂದು ಡಿಪೋ ಕ್ಲೇರಿನಲ್ಲೂ ಇತ್ತು. ಅಡಿಲೇಡಿನಿಂದ ಹೆಣ್ಣುಮಕ್ಕಳನ್ನು ಗಾಡಿಗಳಲ್ಲಿ ಕಳಿಸುತ್ತಿದ್ದರು. ಸುತ್ತಲಿನ ರೈತರು, ಕುರಿಸಾಕಣೆಯ ಯಜಮಾನರು ಬಂದು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಪಶ್ಚಿಮ ಜಿಲ್ಲೆಗಳಿಂದ ಬಂದ ಹಲವರ ಮನೆಮಾತು ಐರಿಷ್. ಇಂಗ್ಲಿಷಿನ ಒಡತಿ 'ಅದು ತಾ, ಇದು ತಾ' ಎಂದರೆ ಮಿಕಿಮಿಕಿ ನೋಡುವುದು, ಅದಕ್ಕೇ ಬೈಗಳು. ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ ತರಕಾರಿಯವನ ಮರಾಠಿ ತಿಳಿಯದೆ ಕೊತ್ತಂಬರಿಯ ಬದಲು ಮೆಂತ್ಯ ತಂದವಳು ನಾನು. ನನ್ನ ಅತ್ತೆ ನಕ್ಕು ಸುಮ್ಮನಾಗಿದ್ದರು. ಅವರಿಗೆ ನಕ್ಕು ಸುಮ್ಮನಾಗುವ ಅತ್ತೆಯೂ ಇರಲಿಲ್ಲ.

ಆ ಹೆಣ್ಣುಮಕ್ಕಳು ಆಮೇಲೆ ಮದುವೆಯಾದರು, ಗೋಧಿ ಬೆಳೆದರು, ಹಸು ಕಟ್ಟಿದರು. ಕ್ಲೇರಿನ ಪಕ್ಕದ ಒಂದು ಹಳ್ಳಿಗೆ 'ಆರ್ಮಾ' ಎಂದು ಹೆಸರಾಯಿತು, ಐರ್ಲೆಂಡಿನ ಉತ್ತರದ ಇನ್ನೊಂದು ಜಿಲ್ಲೆಯ ನೆನಪಿಗೆ. ಸ್ವಲ್ಪ ದಕ್ಷಿಣಕ್ಕೆ ಆಬರ್ನ್ ಎಂಬ ಊರಿನಲ್ಲಿ ಐರಿಷ್ ತಂದೆತಾಯಿಗಳಿಗೆ 1876ರಲ್ಲಿ ಹುಟ್ಟಿದ ಸಿ. ಜೆ. ಡೆನಿಸ್ ಮುಂದೆ ಆಸ್ಟ್ರೇಲಿಯಾದ ಬೀದಿಮಾತಿನಲ್ಲೇ ಪದ್ಯ ಬರೆದು ಮನೆಮಾತಾದ. ಕವಿಗೆ ಐರಿಷ್ ನೆತ್ತರು, ನಾಲಿಗೆ ಮಾತ್ರ ಪೂರಾ ಆಸ್ಟ್ರೇಲಿಯಾದ್ದು.

"ಹಾಗಾದರೆ ವೈನು ಐರಿಷರದ್ದೇ?" ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಲ್ಲವಂತೆ! ಕಣಿವೆಯಲ್ಲಿ ಮೊದಲು ಬಳ್ಳಿ ನೆಡಿಸಿದ್ದು ಜಾನ್ ಹಾರಕ್ಸ್ ಎಂಬ ಇಂಗ್ಲಿಷ್ ತರುಣನ ಜಮೀನಿನಲ್ಲಿ. ಈ ಹಾರಕ್ಸನ ಸಾವಿನ ಕಥೆ ವಿಚಿತ್ರ. 1846ರಲ್ಲಿ ಒಂಟೆ ಕಟ್ಟಿಕೊಂಡು ಒಳನಾಡು ಹುಡುಕಲು ಹೊರಟ. ಹಕ್ಕಿಗೆ ಗುರಿಯಿಡಲೆಂದು ಬಂದೂಕಿಗೆ ಮದ್ದು ತುಂಬುತ್ತಿರುವಾಗ ಪಕ್ಕದಲ್ಲಿ ಕುಳಿತಿದ್ದ ಒಂಟೆ ಕದಲಿ, ಬಂದೂಕು ಸಿಡಿದು, ಅವನ ಬೆರಳು, ಹಲ್ಲು ಹಾರಿಹೋದವು. ಕೆಲವೇ ವಾರಗಳಲ್ಲಿ ಪ್ರಾಣವೂ ಹೋಯಿತು. ವಯಸ್ಸು ಇಪ್ಪತ್ತೆಂಟು. ಒಂಟೆಯಿಂದ ಗುಂಡೇಟು ತಿಂದ ಭೂಶೋಧಕ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು.

ವೈನನ್ನು ಗಟ್ಟಿಯಾಗಿ ನೆಲೆಗೊಳಿಸಿದವರು ಆಸ್ಟ್ರಿಯಾದ ಜೆಸ್ಯುಯಿಟ್ ಪಾದ್ರಿಗಳು. 1848ರಲ್ಲಿ ವಲಸೆಗಾರರೊಂದಿಗೆ ಬಂದ ಫಾದರ್ ಕ್ರಾನೆವಿಟರ್ ಕ್ಲೇರಿನ ಬಳಿ 1851ರಲ್ಲಿ ಜಮೀನು ಕೊಂಡು, ರೋಮಿನ ಏಳು ಬೆಟ್ಟಗಳ ನೆನಪಿಗೆ 'ಸೆವೆನ್‌ಹಿಲ್' ಎಂದು ಹೆಸರಿಟ್ಟರು. ಚರ್ಚಿನ ಪೂಜೆಗೆ ವೈನು ಬೇಕಲ್ಲ, ಅದಕ್ಕಾಗಿ ಬಳ್ಳಿ ನೆಟ್ಟರು. ಕಣಿವೆಯ ಅತಿ ಹಳೆಯ ವೈನ್ ಮನೆ ಅದೇ. ನಮ್ಮಲ್ಲಿ ದೇವಸ್ಥಾನದ ಹಿಂದೆ ತುಳಸಿ, ಪಾರಿಜಾತ ಇರುವ ಹಾಗೆ ಅಲ್ಲಿ ಚರ್ಚಿನ ಹಿಂದೆ ದ್ರಾಕ್ಷಿ. ಇಷ್ಟು ತಿಳಿದ ಮೇಲೆ ಅಳಿಯನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಹೆಸರಿನ ವಿಷಯಕ್ಕೇ ಇನ್ನೊಂದು ತಮಾಷೆ. ಈ ಕಣಿವೆ ಪ್ರಸಿದ್ಧವಾದದ್ದು ರೀಸ್ಲಿಂಗ್ ಎಂಬ ಜರ್ಮನ್ ಮೂಲದ ಬಿಳಿ ದ್ರಾಕ್ಷಿಗೆ. ಹಗಲು ಬಿಸಿಲು, ರಾತ್ರಿ ತಂಪು, ಅದಕ್ಕೆ ಒಗ್ಗುತ್ತದೆಯಂತೆ. ಅದರ ಜೊತೆಗೆ ಇನ್ನೊಂದು ತಳಿಯನ್ನು ಇಲ್ಲಿನವರು ಎಷ್ಟೋ ಕಾಲದಿಂದ 'ಕ್ಲೇರ್ ರೀಸ್ಲಿಂಗ್' ಎಂದು ಅಭಿಮಾನದಿಂದ ಬೆಳೆಸಿಕೊಂಡು ಬಂದಿದ್ದರು. 1976ರಲ್ಲಿ ಫ್ರಾನ್ಸಿನ ತಜ್ಞನೊಬ್ಬ ಬಂದು ಎಲೆ ನೋಡಿ, ಇದು ರೀಸ್ಲಿಂಗೇ ಅಲ್ಲ, ನಮ್ಮ ದೇಶದ 'ಕ್ರೂಶೆನ್' ಎಂದುಬಿಟ್ಟ! ಗೋತ್ರ ಸೂತ್ರ ಎಲ್ಲ ಒಂದೇ ದಿನದಲ್ಲಿ ಬದಲಾಯಿತು. ಬಳ್ಳಿಗೆ ಅದರಿಂದ ಏನೂ ಬೇಸರವಾದಂತೆ ಕಾಣಲಿಲ್ಲ.

ಮಧ್ಯಾಹ್ನ ಒಂದು ವೈನ್ ಮನೆಯಲ್ಲಿ ಅಳಿಯ ರುಚಿ ನೋಡುತ್ತಿದ್ದಾಗ ಕೌಂಟರಿನ ಹಿಂದಿದ್ದ ಹೆಂಗಸು ನನಗೆ ದ್ರಾಕ್ಷಿರಸ ತಂದುಕೊಟ್ಟಳು. ನನ್ನದೇ ಪ್ರಾಯದವಳು. ಎಲ್ಲಿಂದ ಬಂದಿರಿ ಎಂದಳು. ಮುಂಬಯಿ ಎಂದೆ. ಆಮೇಲೆ ಅಭ್ಯಾಸಬಲ, "ಆದರೆ ಮೂಲ ಕರ್ನಾಟಕ, ಹೊನ್ನಾವರದ ಹತ್ತಿರ" ಎಂದು ಸೇರಿಸಿದೆ. ಅವಳು ನಕ್ಕು, ತನ್ನ ಮನೆಯವರು ಮೂಲತಃ ಐರ್ಲೆಂಡಿನವರು, ಆದರೆ ಯಾವ ಊರೋ ತಿಳಿಯದು ಎಂದಳು. ಐರಿಷ್ ಭಾಷೆ ಬರುತ್ತದೆಯೇ ಎಂದು ಕೇಳಿದೆ. "ಒಂದು ಪದ ಬರುತ್ತದೆ" ಎಂದು ಅಳಿಯನ ಗ್ಲಾಸಿನತ್ತ ಕೈಯೆತ್ತಿ "ಸ್ಲಾಂಚ" ಎಂದಳು. ಕುಡಿಯುವ ಮುಂಚೆ ಆರೋಗ್ಯ ಹಾರೈಸುವ ಮಾತಂತೆ ಅದು.

ನೂರೈವತ್ತು ವರ್ಷದ ಮೇಲೆ ಒಂದು ಪದ! ಅವಳನ್ನು ಹೀಗಳೆಯುತ್ತಿಲ್ಲ, ಬಹಳ ಒಳ್ಳೆಯ ಹೆಂಗಸು. ಆದರೆ ಪಕ್ಕದಲ್ಲೇ ನನ್ನ ಮೊಮ್ಮಗಳು ಕುರ್ಚಿಯ ಮೇಲೆ ನಿಂತು ಕುಣಿಯುತ್ತಿದ್ದಳು. ಐದು ವರ್ಷ. ಅವಳ ಕನ್ನಡ ನನಗೆ ಬೆರಳಲ್ಲಿ ಎಣಿಸುವಷ್ಟು ಗೊತ್ತು: ಅಜ್ಜಿ, ಬೇಡ, ಸಾಕು, ಬಿಸಿ, ಚಕ್ಕುಲಿ. ನಾನು ಇಲ್ಲಿ ಸಂಘದ ಕನ್ನಡ ತರಗತಿಯಲ್ಲಿ ಬೇರೆಯವರ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವಳು. ಆ ಗಳಿಗೆಯಲ್ಲಿ ನನಗಾದ ಸಂಕಟವನ್ನು ನಿಮ್ಮಲ್ಲಿ ಎಷ್ಟೋ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರಲ್ಲೇ ಐರಿಷರ ಬಗ್ಗೆ ಕರುಣೆಪಟ್ಟು ಸುಮ್ಮನಿರೋಣವೆಂದರೆ ಇನ್ನೊಂದು ಮಾತಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗ್ಲೀಸನ್ ಹೆಸರಿಡುವ ಮೊದಲು ಆ ಕಣಿವೆಗೆ ಹೆಸರೇ ಇರಲಿಲ್ಲವೇ? ಇತ್ತು. ಅದು ನಜ್ಜುರಿ ಎಂಬ ಮೂಲನಿವಾಸಿಗಳ ನೆಲ. ಪ್ರತಿ ಹಳ್ಳಕ್ಕೂ, ಗುಡ್ಡಕ್ಕೂ ಅವರ ಭಾಷೆಯಲ್ಲಿ ಹೆಸರಿತ್ತು, ಕಥೆಯಿತ್ತು. ಕುರಿಗಳು ಬಂದವು, ಬೇಲಿ ಬಂತು, ಹೊಸ ರೋಗಗಳು ಬಂದವು, ಆ ಜನ ಚದುರಿಹೋದರು. ನನ್ನ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಗ ಬ್ರಯನ್ ಫ್ರೀಲ್ ಎಂಬ ಐರಿಷ್ ನಾಟಕಕಾರನ 'ಟ್ರಾನ್ಸ್‌ಲೇಷನ್ಸ್' ನಾಟಕದ ಪುಸ್ತಕ ಮನೆಗೆ ತಂದಿದ್ದಳು, ನಾನೂ ಓದಿದ್ದೆ. 1830ರ ದಶಕದಲ್ಲಿ ಇಂಗ್ಲಿಷ್ ಸೈನಿಕರು ಐರ್ಲೆಂಡಿನ ನಕ್ಷೆ ತಯಾರಿಸುತ್ತ ಊರೂರಿನ ಐರಿಷ್ ಹೆಸರುಗಳನ್ನು ತಮ್ಮ ನಾಲಿಗೆಗೆ ತಕ್ಕಂತೆ ತಿರುಚಿ ಬರೆದುಕೊಂಡ ಕಥೆ ಅದು. ತನ್ನ ಹೆಸರುಗಳನ್ನು ಹಾಗೆ ಕಳೆದುಕೊಂಡ ನೆಲದವರೇ ಇಲ್ಲಿ ಬಂದು ಇನ್ನೊಬ್ಬರ ಹೆಸರಿನ ಮೇಲೆ ತಮ್ಮ ಹೆಸರು ಬರೆದರು. ಕೇಡು ಮಾಡಬೇಕೆಂದಲ್ಲ, ಊರಿನ ನೆನಪಾಯಿತು, ಇಟ್ಟರು. ಆ ಪೆಟ್ಟಿಗೆ ಹೊತ್ತು ಬಂದ ಹುಡುಗಿಗೆ ತಾನು ನಿಂತ ನೆಲ ಯಾರದೆಂದು ಯಾರೂ ಹೇಳಿರಲಾರರು.

ನಜ್ಜುರಿ ಭಾಷೆ, ಆಚಾರಗಳನ್ನು ಬಲ್ಲ ಹಿರಿಯರಲ್ಲಿ ಬಾರ್ನಿ ವಾರಿಯಾ ಎಂಬಾತ ಒಬ್ಬ. 1940ರ ಸುಮಾರಿಗೆ ರೊನಾಲ್ಡ್ ಬರ್ನ್ಟ್ ಎಂಬ ಮಾನವಶಾಸ್ತ್ರಜ್ಞ ಅವನನ್ನು ಕೂರಿಸಿಕೊಂಡು ಅವನು ಹೇಳಿದ್ದನ್ನೆಲ್ಲ ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡ. ಬಾರ್ನಿ 1948ರಲ್ಲಿ ತೀರಿಕೊಂಡ. ಬರ್ನ್ಟ್ ದಂಪತಿಗಳೂ ಹೋದ ಮೇಲೆ, ಅವರ ಉಯಿಲಿನ ಪ್ರಕಾರ ಆ ಟಿಪ್ಪಣಿಗಳನ್ನು ಮೂವತ್ತು ವರ್ಷ, ಅಂದರೆ 2024ರವರೆಗೆ, ಯಾರೂ ತೆರೆಯುವಂತಿರಲಿಲ್ಲ. ಬಾರ್ನಿಯ ವಂಶದವರೇ ತಮ್ಮ ಅಜ್ಜನ ಮಾತು ತಮಗೆ ಕೊಡಿ ಎಂದು ವರ್ಷಗಟ್ಟಲೆ ಬೇಡಿದರು. ಮೊಮ್ಮಕ್ಕಳಿಗೆ ಅಜ್ಜನ ಮಾತು ಬೀಗ ಹಾಕಿದ ಪೆಟ್ಟಿಗೆಯಲ್ಲಿ! ನಮ್ಮ ಮಾತಿಗೆ ಇನ್ನೂ ಬೀಗ ಬಿದ್ದಿಲ್ಲ. ಕೇಳುವ ಕಿವಿಯೊಂದು ಬೇಕು, ಅಷ್ಟೆ.

ಸಂಜೆ ಹೊರಡುವ ಮುಂಚೆ ಕ್ಲೇರಿನ ಹಳೆಯ ರೈಲು ದಾರಿಯಲ್ಲಿ ಸ್ವಲ್ಪ ದೂರ ನಡೆದೆವು. 1918ರಲ್ಲಿ ಬಂದ ರೈಲು, 1983ರ ಭಾರಿ ಕಾಡ್ಗಿಚ್ಚಿನಲ್ಲಿ ಹಳಿ ಹಾಳಾದ ಮೇಲೆ ನಿಂತೇಹೋಯಿತು. ಈಗ ಅದು ಸೈಕಲ್ಲಿನವರ, ನಡೆಯುವವರ ದಾರಿ. ಐರಿಷ್ ಮಾತಿನಲ್ಲಿ 'ಕ್ಲಾರ್' ಎಂದರೆ ಹಲಗೆ ಎಂದು ಅರ್ಥ, ಹಳೆಯ ಕ್ಲೇರಿನಲ್ಲಿ ಹೊಳೆ ದಾಟಲು ಹಾಕಿದ್ದ ಹಲಗೆ ಸೇತುವೆಯಿಂದ ಆ ಹೆಸರು ಬಂತು ಎನ್ನುತ್ತಾರೆ ಎಂದು ಅಳಿಯ ಫೋನಿನಲ್ಲಿ ನೋಡಿ ಹೇಳಿದ. ಈ ಮಾತು ಮೊಮ್ಮಗಳ ಕಿವಿಗೆ ಬಿತ್ತು.

ಡೊಂಬಿವಲಿಯ ನಮ್ಮ ಮನೆಯ ಬಾಗಿಲ ಮೇಲೆ ಮಾವನವರು ಬರೆಸಿದ ಮರದ ಫಲಕವಿದೆ. 'ಕರ್ಕಿ' ಎಂದು ಕನ್ನಡದಲ್ಲಿ. ನಮ್ಮ ಊರಿನ ಹೆಸರು. ಬಣ್ಣ ಹೋಗಿ ಅರ್ಧ ಅಕ್ಷರ ಕಾಣುವುದಿಲ್ಲ. ಹೋದ ವರ್ಷ ಬಂದಿದ್ದಾಗ ಮೊಮ್ಮಗಳು ಅದನ್ನು ಚಿತ್ರವೆಂದುಕೊಂಡು ಬೆರಳಾಡಿಸಿದ್ದಳು.

"ಅಜ್ಜಿ," ಎಂದಳು, ಮಿಕ್ಕದ್ದು ಇಂಗ್ಲಿಷಿನಲ್ಲಿ, "ನಿನ್ನ ಬಾಗಿಲ ಮೇಲಿರುವ ಹೆಸರಿಗೆ ಏನರ್ಥ?"

"ಹುಲ್ಲು ಪುಟ್ಟಿ, ಗರಿಕೆ ಹುಲ್ಲು. ಗಣಪತಿಗೆ ಏರಿಸುತ್ತೇವಲ್ಲ, ಅದು. ನಮ್ಮ ಕಡೆ ಅದಕ್ಕೆ ಕರ್ಕಿ ಅನ್ನುತ್ತಾರೆ" ಎಂದೆ, ಕನ್ನಡದಲ್ಲೇ.

ಅವಳು ಎರಡು ಸಲ ಹೇಳಿ ನೋಡಿದಳು. ಮೊದಲ ಸಲ 'ಕಾಕಿ' ಎಂದಳು. ಎರಡನೆಯ ಸಲ ಸರಿಯಾಗಿ ಬಂತು. ಆಮೇಲೆ ದಾರಿಯ ಪಕ್ಕದಲ್ಲಿ ಬಗ್ಗಿ ಒಣ ಹುಲ್ಲಿನ ಒಂದು ಎಸಳು ಕಿತ್ತು ನನ್ನ ಕೈಗೆ ಕೊಟ್ಟು, ಇದೂ ಕರ್ಕಿಯೇ ಎಂದು ಕೇಳಿದಳು.